ತೊಗಟೆ ಬಿಡುವ ಕಾಲ

ಕೋರ್ಟಿನ ಚೀಟಿ ಹಿಡಿದು ಬಂದ ಬೆಲ್ಮೀರು,
ಬೆಂಡಿನ ಮರ ಸುಲಿದು ಸುಲಿದು ತಾನೇ ಬೆಂಡಾದವನು.
ಪೋರ್ಚುಗಲ್ಲಿನ ಕೊರೂಶ್, ಆರೋಗ್ಯ ಕೇಂದ್ರ, ಮೇ ತಿಂಗಳು.
ಕಿಟಕಿಯಾಚೆ ಭತ್ತದ ಬಯಲಿಗೆ ಒಂದು ಕೊಕ್ಕರೆ.

ನಾನು ಹೊಸಬಳು. ಬಾಯಿಪಾಠ ಒಪ್ಪಿಸಿದೆ:
ಯಕೃತ್ತು, ರಕ್ತದೊತ್ತಡ, ಕುಡಿತ ಬಿಡುವ ದಿನಾಂಕ ಇಲ್ಲಿ ಬರೆಯಿರಿ.
ಪೆನ್ನಿನ ಮುಚ್ಚಳ ತೆಗೆದು ಕೊಟ್ಟೆ ಕೂಡ.
ಅದನ್ನು ಮತ್ತೆ ಮುಚ್ಚಿ ಮೇಜಿನ ಮೇಲಿಟ್ಟು
"ದೋನಾ ಲಿಯೊನೀಲ್ಡ್, ಮರ ಸುಲಿದಿದ್ದೀರಾ ಯಾವತ್ತಾದರೂ?" ಎಂದ.

ಸುಲಿದಿಲ್ಲ.

"ಕೊಡಲಿಗೆ ಟೊಳ್ಳು ದನಿ ಕೊಟ್ಟರೆ ತೊಗಟೆ ಬಿಡುತ್ತದೆ.
ಇಲ್ಲವೋ, ಮುಂದಿನ ಮರಕ್ಕೆ ನಡೆಯಬೇಕು.
ಹಟ ಹಿಡಿದು ಎಳೆದರೆ ತಾಯಿ ಕಿತ್ತು ಬರುತ್ತಾಳೆ."
ತಾಯಿ ಅಂದರೆ ಒಳಪದರ. ಅದು ಹರಿದಲ್ಲಿ
ಮರ ಮತ್ತೆ ತೊಗಟೆ ಕಟ್ಟುವುದಿಲ್ಲ.

ಎರಡನೆಯ ಸಲ ಕಾಗದ ತೆಗೆಯಲಿಲ್ಲ. ಕೇಳಿದೆ:
ಬಿಡುವ ಮನಸ್ಸು ಹತ್ತಕ್ಕೆ ಎಷ್ಟು?
"ಮೂರು." ತಾನೇ ನಕ್ಕ.
ಸುಲಿದ ವರ್ಷದ ಕೊನೆಯಂಕಿಯನ್ನು ಅವರು
ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ.
"ಮೂರು ಬರೆದ ಮರವನ್ನು
ಮೂವತ್ತೆರಡರ ತನಕ ಯಾರೂ ಮುಟ್ಟುವಂತಿಲ್ಲ."

ಒಂಬತ್ತು ವರ್ಷ ನಿಮ್ಮ ಹತ್ತಿರ ಇಲ್ಲ ಎನ್ನಲು ಬಾಯಿ ತೆರೆದೆ,
ನಾಲಿಗೆ ಕಚ್ಚಿಕೊಂಡೆ.
ಮೂರೇ ಯಾಕೆ, ಎರಡು ಯಾಕಲ್ಲ? ಎಂದೆ.

ಬಹಳ ಹೊತ್ತು.
ಕೊಕ್ಕರೆ ಗೂಡಿಗೆ ಹೋಗಿ ಬಂತು.

"ಹೋದ ಜೂನಿನಲ್ಲಿ ಕೈ ನಡುಗಿ ಏಟು ಆಳಕ್ಕೆ ಬಿತ್ತು.
ಅಪ್ಪನೂ ಸುಲಿದಿದ್ದ ಮರ. ಗಾಯ ಕಪ್ಪಾಗಿದೆ ಈಗ.
ಮೇಸ್ತ್ರಿ ಏನೂ ಅನ್ನಲಿಲ್ಲ.
ಆ ಕಡೆಯ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತೇನೆ."

ತನ್ನ ಯಕೃತ್ತಿಗೆ ಅಲುಗದವನು
ಒಂದು ಮರಕ್ಕೆ ಅಲುಗಿದ್ದ. ಕೇಳಿಸಿತು ನನಗೆ,
ಎಲ್ಲೋ ಒಂದು ಕಡೆ, ಅಂಗೈಯಗಲ, ಟೊಳ್ಳು ದನಿ.
ಎಳೆಯಲಿಲ್ಲ.
"ಸುತ್ತು ಹಾಕಿ ಹೋಗುತ್ತೀರಿ" ಅಂದೆ, ಅಷ್ಟೇ.
"ಹೂಂ" ಅಂದ.

ಅವನು ಬಿಟ್ಟಿಲ್ಲ. ನನ್ನ ವರದಿಯಲ್ಲಿ
ಮೇಲಿನವರಿಗೆ ತೋರಿಸುವಂಥದ್ದೇನೂ ಇಲ್ಲ.
ಬಾಟಲಿ ತೆರೆದ ಕೂಡಲೇ ಬಿರಡೆ ಎಸೆಯುವುದು ಅವನ ರೂಢಿ;
ಮತ್ತೆ ಮುಚ್ಚುವ ಮಾತೆಲ್ಲಿ, ಎಂದಿದ್ದ ಒಮ್ಮೆ.
ನಿನ್ನೆ, ಕೋರ್ಟು ಕರೆಯದ ದಿನ, ಸುಮ್ಮನೆ ಬಂದು ಕೂತ.
ಅಂಗಿಜೇಬಿನಿಂದ ಬೆಂಕಿಪೊಟ್ಟಣ ತೆಗೆಯುವಾಗ
ಒಂದು ಬಿರಡೆ ನೆಲಕ್ಕೆ ಉರುಳಿತು.
ಬಗ್ಗಿ ಎತ್ತಿಕೊಂಡ, ಜೇಬಿಗಿಟ್ಟ.

ನೋಡಿದೆ. ಕೇಳಲಿಲ್ಲ.
ಕೊಕ್ಕರೆಮರಿಗಳ ಬಗ್ಗೆ ಮಾತಾಡಿದೆವು.