ಹಿಂಬದಿ ನೋಡಿ

ಗುರುವಾರ ನನಗೆ ಡ್ಯೂಟಿ ಇಲ್ಲ.
ಚಿತ್ತಾಪುರದ ಬಸ್ಸು ಇವತ್ತು ಬೇರೆಯವಳ ಸಿಳ್ಳಿಗೆ ಓಡುತ್ತದೆ.
ನಾನು ಕಲಬುರಗಿಯ ಹಳೇ ಗ್ರಂಥಾಲಯದಲ್ಲಿ
ತಣ್ಣನೆ ಪರಸಿಕಲ್ಲಿನ ಮೇಲೆ
ಕಾರ್ಡಿನ ಕಪಾಟಿನೆದುರು ನಿಂತಿದ್ದೇನೆ.
ಅರವತ್ತು ಡ್ರಾಯರು, ಅರವತ್ತು ಹಿತ್ತಾಳೆ ಮೂಗುತಿ.

ಹುಡುಕುವುದು ಒಂದೇ ಹೆಸರು: ಹುಸೇನವ್ವ,
ಅಪ್ಪನ ಅಜ್ಜಿ, ಕಾಗಿಣಾ ದಂಡೆಯವಳು.
ಮೊಹರಮ್ಮಿಗೆ ಹರಕೆ ಹೊತ್ತು ಹಡೆದ ಮಗಳಂತೆ;
ಹಣೆಯಲ್ಲಿ ವಿಭೂತಿ,
ಹೆಸರಲ್ಲಿ ಅಲಾಯಿ ಕುಣಿಯ ಬೂದಿ.

ಒಮ್ಮೆ ಹೆಳವ ಬಂದಿದ್ದ, ಎತ್ತಿನ ಮೇಲೆ.
ನಮ್ಮ ಮನೆತನವನ್ನು ಏಳು ತಲೆ ಹಿಂದಕ್ಕೆ
ಒಂದೇ ಉಸಿರಲ್ಲಿ ಎಳೆದ:
ಮಲ್ಕಣ್ಣನ ಮಗ ಈರಭದ್ರ, ಈರಭದ್ರನ ಮಗ ದೇವಪ್ಪ...
“ಮತ್ತ ಇವರನ್ನೆಲ್ಲ ಹಡದಾಕಿ?” ಅಂದೆ.
ಎತ್ತಿನ ಗಂಗೆದೊಗಲು ಸವರುತ್ತ
ಇನ್ನೊಂದು ಸೇರು ಜ್ವಾಳ ಕೇಳಿದ.

ಡ್ರಾಯರುಗಳಿಗೂ ಅದೇ ರೋಗ.
‘ಹೆಂಗಸರು’ ಎಂಬಲ್ಲಿ ಅಡುಗೆ, ಹೊಲಿಗೆ, ಬಾಣಂತನ.
‘ವಂಶಾವಳಿ. ನೋಡಿ: ರಾಜಮನೆತನಗಳು.’
‘ಊರ ದಫ್ತರ. ನೋಡಿ: ಕಂದಾಯ.’
‘ಕಂದಾಯ. ನೋಡಿ: ಊರ ದಫ್ತರ.’
ಎರಡು ಡಿಪೋ ನಡುವೆ ಖಾಲಿ ಸುತ್ತುವ ಬಸ್ಸು
ನಾನು ಕಾಣದ್ದೇನಲ್ಲ.

ಮುಕರ್ರಮ್ ಸಾಬರು ರಿಟೈರಾಗಿ ಆರು ವರ್ಷ,
ಆದರೂ ದಿನಾ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ.
“ಹೆಸರು ಬಿಡ್ರಿ ಅಕ್ಕೋರ, ಊರು ಹಿಡೀರಿ.
ಊರು ಸಿಗಲಿಲ್ಲಂದ್ರ ಬಾವಿ ಹಿಡೀರಿ.
ಮಂದಿ ಸಾಯ್ತಾರ, ಬಾವಿ ಪಾಲು ಸಾಯಂಗಿಲ್ಲ.”

ಬಾವಿ. ನೀರಾವರಿ. ನಾಯಿ ಕಡಿತ (ತಪ್ಪಿ ಸೇರಿದ್ದು).
ಮೂರರ ಹೊತ್ತಿಗೆ ಹುಡುಕುವುದು ಬಿಟ್ಟು
ಸುಮ್ಮನೆ ಓದುತ್ತಿದ್ದೆ:
‘ಕೋಳಿ ಸಾಕಣೆ. ಸಚಿತ್ರ. ಪುಟ ೬೪.’
ಟಿಕೀಟು ಕೊಟ್ಟು ಬದುಕುವ ಕೈ,
ಯಾವ ಚೀಟಿಯನ್ನೂ ತಿರುವದೆ ಬಿಡದು;
ಚಿಲ್ಲರೆ ಬಾಕಿ ಬರೆಯುವುದು ಹಿಂದೆಯೇ ಅಲ್ಲವೆ?

ಹಿಂದೆ ಉರ್ದು. ಕಂದುಗಟ್ಟಿದ ಮಸಿ.
ಕಾಗದ ಸಾಲದ ಯಾವುದೋ ವರ್ಷ
ರದ್ದಿ ರಿಜಿಸ್ಟರು ಕತ್ತರಿಸಿ ಕಾರ್ಡು ಮಾಡಿದ್ದರು.
ಸಾಬರು ಕನ್ನಡಕ ಒರೆಸಿ
ಬೆರಳನ್ನು ಬಲದಿಂದ ಎಡಕ್ಕೆ ನಡೆಸಿದರು:
“ಫಸಲಿ ತೇರಾ ಸೌ... ಮುಂದ ಅಳಸ್ಯದ.
ಕಾಗಿಣಾ ಕಡೀದೇ ಅದ. ಹುಸೇನ್...”
ಅಲ್ಲಿಗೆ ಕತ್ತರಿ.

ಅವ್ವನೋ ಅಪ್ಪನೋ, ಬೀಯೋ ಸಾಬನೋ,
ಆ ತುದಿ ಯಾವ ಪುಸ್ತಕದ ಬೆನ್ನಿಗಿದೆಯೋ.
ಕೆಳಗೆ ಒಂದು ಪದ ಪೂರಾ ಉಳಿದಿತ್ತು: ಬೇವಾ.
“ಅಂದ್ರ?”
“ಗಂಡ ಸತ್ತಾಕಿ.”
ಅದರ ಕೆಳಗೆ: ಬಾವಿ, ಎರಡಾಣೆ ಪಾಲು.

ನನ್ನವಳೇ ಎಂದು ಆಣೆ ಇಡಲಾರೆ.
ಆ ದಂಡೆಗೆ ಎಷ್ಟು ಹುಸೇನವ್ವರೋ, ಎಷ್ಟು ಬಾವಿಗಳೋ.
ಕಾರ್ಡು ಕೊಡಿ ಅನ್ನಲೂ ಬಾಯಿ ಬರಲಿಲ್ಲ;
ಕೊಟ್ಟರೆ ಪಾಪ, ಕೋಳಿ ಪುಸ್ತಕ ಕಳೆದುಹೋಗುತ್ತದೆ.

ಸಾಬರು ಹೊಸ ಕಾರ್ಡು ತೆಗೆದು
ಪರೀಕ್ಷೆಗೆ ಕೂತ ಹುಡುಗನಂತೆ ತಿದ್ದಿ ತಿದ್ದಿ ಬರೆದರು:
‘ಹುಸೇನವ್ವ (?)
ನೋಡಿ: ಕೋಳಿ ಸಾಕಣೆ. ಹಿಂಬದಿ.’
ಹುಲ್ಲುಗಾವಲಿಗೂ ಹುಳುಕಡ್ಡಿಗೂ ನಡುವೆ ಜಾಗ ಮಾಡಿ
ಸರಳು ತೂರಿಸಿದರು.

“ಬರೋ ಗುರುವಾರ ‘ಅ’ದಿಂದ ಶುರು,” ಅಂದೆ,
“ಬೆನ್ನು ಅಷ್ಟೇ ಓದ್ತೀನಿ. ಎಲ್ಲೋ ಒಂದು ‘ವ್ವ’ ಇದ್ದೇ ಇರ್ತದ.”
“ಒಂದಕ್ಕ ಊಟಕ್ಕಂತ ಬಾಗಲಾ ಹಾಕ್ತಾರ,” ಅಂದರು.
“ಬುತ್ತಿ ತರ್ರಿ.”