ಎರಡೂವರೆ ಇಪ್ಪತ್ತು

ಕಬ್ಬಿಣದ ಬೋಲ್ಟು ಬೇಡ, ಅಂದೆ.
ನಡುವೆ ಕಬ್ಬಿಣ ಹೊಕ್ಕರೆ ಅಳತೆ ಸುಳ್ಳಾಗುತ್ತದೆ.
ಐನಾರ್ ಹಿತ್ತಾಳೆಯದು ಹುಡುಕಿ ತಂದ,
ಮಾರಿದ ದೋಣಿಯ ಕಿಟಕಿಯಿಂದ ಬಿಚ್ಚಿಟ್ಟುಕೊಂಡದ್ದು,
ಉಪ್ಪು ತಿಂದು ಹಸಿರಾದದ್ದು.

ಮರದ ಎರಡು ಬಿಲ್ಲೆ. ನಡುವೆ
ಮುರಿದ ಹುಟ್ಟಿನ ಹಿಡಿಯಿಂದ ಕೊಯ್ದ ತುಂಡು.
ತಾಮ್ರದ ತಂತಿಗೆ ಎನಾಮಲ್ ಹೊದಿಕೆ, ಜೇನಿನ ಬಣ್ಣ.
ಸುತ್ತಿನ ಪಕ್ಕ ಸುತ್ತು ಒತ್ತಿ ಕೂರಬೇಕು,
ಸಂದು ಬಿಟ್ಟರೆ ತಂತಿ ತನ್ನಷ್ಟಕ್ಕೆ ಗುನುಗುತ್ತದೆ,
ಹಾಡಿಗೂ ಅದಕ್ಕೂ ಸಂಬಂಧವಿಲ್ಲದೆ.

ನಾನು ತಿರುಗಿಸುವವನು. ಅವನು ಬಿಗಿ ಹಿಡಿಯುವವನು.
ಹೊರಗೆ ಥ್ಯೂಬೊರೊನ್ ಬಂದರು, ಅಲ್ಲಿ ಗಾಳಿಗೆ ರಜೆಯಿಲ್ಲ.

ಒಂದು, ಎರಡು, ಮೂರು ಎಂದು ಸಲೀಸಾಗಿ ಹೋಗುವ ನಮ್ಮ ಎಣಿಕೆ
ಐವತ್ತರ ಹೊಸ್ತಿಲಲ್ಲಿ ಎಡವುತ್ತದೆ:
ನಾವು ಡೇನರು ಐವತ್ತನ್ನು ಎರಡೂವರೆ ಇಪ್ಪತ್ತು ಅನ್ನುವವರು.
ಎಪ್ಪತ್ತು, ಮೂರೂವರೆ ಇಪ್ಪತ್ತು. ತೊಂಬತ್ತು, ನಾಲ್ಕೂವರೆ.
ಅಜ್ಜಂದಿರು ಹೆರಿಂಗ್ ಮೀನನ್ನು ಇಪ್ಪತ್ತಿಪ್ಪತ್ತಾಗಿ ಎಣಿಸುತ್ತಿದ್ದರಂತೆ.
ಮೀನು ಹೋಯಿತು,
ಅರ್ಧ ಬುಟ್ಟಿ ನಾಲಿಗೆಯ ಮೇಲೆ ಉಳಿಯಿತು.

ಐನಾರನ ಬಲಗೈಯಲ್ಲಿ ಮೂರೇ ಬೆರಳು.
ಮೂರರ ನಡುವೆ ಚರ್ಮದ ಚೂರು, ಅದರೊಳಗೆ ತಂತಿ.
ಐದು ಬೆರಳಿನವರೂ ಇಷ್ಟು ಸಮ ಬಿಗಿ ಕೊಡಲಾರರು.
ಇದನ್ನು ಅವನಿಗೆ ಹೇಳಿಲ್ಲ.

ಪಕ್ಕದ ಮನೆಯ ಥೀರಾ, ಒಂಬತ್ತು ವರ್ಷ,
ಮೇಜಿಗೆ ಗಲ್ಲ ಊರಿ ಕೇಳಿದಳು: ಇದು ಏನು ಮಾಡುತ್ತೆ?
ದಪ್ಪ ದನಿಗೆ ದಾರಿ ಬಿಡುತ್ತೆ, ಅಂದೆ,
ಕೀರಲು ಬಂದರೆ ಬಾಗಿಲು ಹಾಕುತ್ತೆ.
ಹಾಗಾದರೆ ನಿನ್ನ ಕಿವಿಯ ಥರ!
ಐನಾರ್ ನಕ್ಕ. ನಾನೂ ನಕ್ಕೆ.
ಕೈ ತಿರುಗುತ್ತಲೇ ಇತ್ತು.

ನೂರಾ ನಲವತ್ತು. ನೂರಾ ನಲವತ್ತೊಂದು.

ಆ ಜನವರಿ.
ವಿಂಚಿನ ಹಿಡಿಕೆ ನನ್ನ ಕೈಲಿ, ಹಗ್ಗ ಅವನ ಕೈಲಿ.
ಕಾಲಡಿಯಲ್ಲಿ ಡೀಸೆಲ್ ಎಂಜಿನ್,
ಇಪ್ಪತ್ತೆರಡು ವರ್ಷ ಒಂದೇ ಮಾತು ಆಡಿದ್ದು,
ಹಲ್ಲಿನ ಬೇರಿನವರೆಗೂ ಅದೇ.
ಅವನ ಬಾಯಿ ತೆರೆದದ್ದು ಕಂಡಿತು.
ಆಕಳಿಕೆ ಅಂದುಕೊಂಡೆ.
ಇನ್ನೊಂದು ಸುತ್ತು ಸುತ್ತಿದೆ.

ಇನ್ನೂರಕ್ಕೆ ನಿಲ್ಲಿಸಿ,
ಬ್ಲೇಡಿನಿಂದ ತುದಿ ಹೆರೆದು ಮೀಟರಿಗೆ ಕಚ್ಚಿಸಿದರೆ
ಬೇಕಾದದ್ದು ಎರಡು ಪಾಯಿಂಟ್ ಎರಡು ಮಿಲಿಹೆನ್ರಿ,
ತೋರಿಸಿದ್ದು ಎರಡು ಪಾಯಿಂಟ್ ಮೂರು ನಾಲ್ಕು.
ಆರು ಸುತ್ತು ಹೆಚ್ಚು, ಅಂದ ಐನಾರ್, ಮೀಟರು ನೋಡದೆ.
ನೂರಾ ನಲವತ್ತೊಂದರಲ್ಲಿ ಎಣಿಕೆ ಬಿಟ್ಟೆ. ಕೈ ಬಿಡಲಿಲ್ಲ.
ಆಗಲೇ ಹೇಳಬಾರದಿತ್ತೆ?
ಹೇಳಿದೆ, ಅಂದ.

ಬಿಚ್ಚಿದೆವು. ಬಿಚ್ಚುವಾಗ ಇಬ್ಬರೂ ಗಟ್ಟಿಯಾಗಿ ಎಣಿಸಿದೆವು.
ಆರು ಸುತ್ತಿನ ತಾಮ್ರ, ಒಂದು ಮಾರಿನಷ್ಟಿರಬಹುದು,
ಬಾಗಿದ್ದು ನೆಟ್ಟಗಾಗಲಿಲ್ಲ.
ಥೀರಾ ಅದನ್ನು ಮುಂಗೈಗೆ ಹಾಕಿಕೊಂಡು ಮನೆಗೆ ಓಡಿ
ಅಮ್ಮನಿಗೆ ತೋರಿಸಿ ಬಂದಳು.

ಹಲಗೆಗೆ ಕೂರಿಸಲು ಒಂದು ನಿಯಮವಿದೆ:
ಎರಡು ಕಾಯಿಲ್ ಇದ್ದರೆ ಒಂದು ಮಲಗಬೇಕು, ಒಂದು ನಿಲ್ಲಬೇಕು.
ಮುಖಕ್ಕೆ ಮುಖ ಕೊಟ್ಟರೆ
ಒಂದರ ಮಾತು ಇನ್ನೊಂದರೊಳಗೆ ನುಸುಳುತ್ತದೆ.
ಮೂವತ್ತು ವರ್ಷ ಹಾಗೇ ಕೂತು ಉಂಡವರು ನಾವು,
ಅವನ ಮುಖ ಕಿಟಕಿಗೆ, ನನ್ನದು ಒಲೆಗೆ.

ಸಂಜೆ ರೇಡಿಯೊ ಹಾಕಿದೆವು.
ಸಮುದ್ರದ ಹವಾಮಾನ ಓದುವ ಹೆಂಗಸು.
ಅವಳ ದನಿಯ ಬುಡ ನನ್ನ ಮೊಣಕಾಲಿಗೆ ತಾಗಿತು.
ತುದಿ ಏನಾಯಿತೋ.
ಥೀರಾ ಕಣ್ಣು ಮುಚ್ಚಿ ಕೇಳಿ ಅಂದಳು:
ಈಗ ಅವಳಿಗೆ 'ಸ' ಬಂದಿದೆ.
ಕಾಗದ ಮಗುಚಿದ್ದೂ ಕೇಳಿಸಿತು.

ನಾನು ಕುರ್ಚಿಯನ್ನು ತುಸು ತಿರುಗಿಸಿದೆ,
ಐನಾರನ ಬಾಯಿ ಕಾಣುವಷ್ಟು.
ಏನೋ ಅನ್ನುತ್ತಿದ್ದ.
ಕಾಫಿ ಅಂದಿರಬೇಕು.
ಆದರೂ ಎದ್ದು ಹತ್ತಿರ ಹೋದೆ.