ಐವತ್ತನೆಯ ಜಾಗ

ಲಾ ಪಾಸ್‌ನಲ್ಲಿ ಚೆಂಡು ದೂರ ಹೋಗುತ್ತದೆ.
ಗಾಳಿ ತೆಳು, ತಡೆಯುವವರಿಲ್ಲ.
ನಮ್ಮ ತುಕುಮಾನ್‌ನಲ್ಲಿ ಏಳನೆಯ ಕಬ್ಬಿಣ ಕೇಳುವ ದೂರಕ್ಕೆ
ಇಲ್ಲಿ ಒಂಬತ್ತು ಸಾಕು.
ಉಸಿರು ಮಾತ್ರ ಮೂರನೆಯ ಮೆಟ್ಟಿಲಿಗೇ ಮುಗಿಯುತ್ತದೆ.
ನೀರು ಬೇಗ ಕುದಿಯುತ್ತದೆ, ಕಾಳು ಬೇಯುವುದಿಲ್ಲ.
ಬುಧವಾರ ರಾತ್ರಿ ತಳ ಹಿಡಿದ ಪಾತ್ರೆ ಕೆರೆಯುತ್ತ
ಡೆರ್ಲಿಸ್ ಅಂದ: ಥೇಟ್ ನಮ್ಮ ಟೂರೇ ಕಣೋ ಈ ಊರು.

ಡೆರ್ಲಿಸ್ ಬಾರೇರೊ, ಪರಾಗ್ವೆಯವನು.
ಮೂರು ವರ್ಷದಿಂದ ಒಂದೇ ಕೋಣೆ, ಒಂದೇ ಇಸ್ತ್ರಿಪೆಟ್ಟಿಗೆ,
ಖರ್ಚು ಬರೆಯಲು ಒಂದೇ ಪುಸ್ತಕ.
ಫೋನಿನಲ್ಲಿ ಅತ್ತೆಯ ಜೊತೆ ಗ್ವಾರಾನಿ ಮಾತಾಡುತ್ತಾನೆ.
ಗೆದ್ದೆ ಅಂದನೋ ಸೋತೆ ಅಂದನೋ
ದನಿಯಲ್ಲಿ ನನಗೆ ಈವರೆಗೂ ತಿಳಿದಿಲ್ಲ.

ದೊಡ್ಡ ಟೂರಿಗೆ ಇದು ಏಣಿ ಎನ್ನುತ್ತಾರೆ
ಟೈ ಕಟ್ಟಿದವರು, ಪ್ರತಿ ಊರಿನ ಮೊದಲ ಸಂಜೆ.
ವರ್ಷದ ಕೊನೆಗೆ ಐದು ಮಂದಿ ಮೇಲೆ.
ಏಣಿಯ ಮೇಲೇ ಬಟ್ಟೆ ಒಣಹಾಕಿ
ಸಂಸಾರ ಹೂಡಿದವರ ಲೆಕ್ಕ
ಅವರ ಭಾಷಣದಲ್ಲಿ ಬರುವುದಿಲ್ಲ.

ಶುಕ್ರವಾರ ಎರಡು ಗಂಟೆಗೇ ನನ್ನ ಆಟ ಮುಗಿಯಿತು.
ಪಾರ್‌ಗಿಂತ ಎರಡು ಹೆಚ್ಚು.
ದೋನ್ಯಾ ಎಪಿಫಾನಿಯಾ ಹಲಗೆಯ ಮೇಲೆ
ಕೆಂಪು ಪೆನ್ನಿನಿಂದ ನಿಧಾನವಾಗಿ ಬರೆಯುತ್ತಿದ್ದಳು,
ಮಗುವಿಗೆ ಅಂಕಿ ಕಲಿಸುವವಳ ಹಾಗೆ.
ಮೊದಲ ಐವತ್ತು ಜನ, ಐವತ್ತನೆಯವನಿಗೆ ಸಮನಾದವರೂ,
ಶನಿವಾರಕ್ಕೆ ಉಳಿಯುತ್ತಾರೆ.
ನಲವತ್ತೊಂಬತ್ತು ಜನ ನನಗಿಂತ ಮುಂದೆ.
ಐವತ್ತರ ಹೊಸ್ತಿಲಲ್ಲಿ ನಾನು, ಇನ್ನೂ ಆರು ಮಂದಿ,
ಬೆಂಚಿನ ಮೇಲೆ, ಶೂ ಬಿಚ್ಚದೆ.

ಮೈದಾನದಲ್ಲಿ ಉಳಿದದ್ದು ಒಂದೇ ಗುಂಪು.
ಅದರಲ್ಲಿ ಲೆಕ್ಕಕ್ಕೆ ಬರುವವನು ಒಬ್ಬನೇ.
ಹದಿನೆಂಟನೆಯ ಗ್ರೀನಿನಲ್ಲಿ, ಹನ್ನೆರಡು ಅಡಿಯಲ್ಲಿ, ಡೆರ್ಲಿಸ್.
ಚೆಂಡು ಬಿದ್ದರೆ ಬರ್ಡಿ, ಅವನೇ ಐವತ್ತನೆಯವನು,
ನಾವು ಏಳೂ ಜನ ಬಸ್‌ಸ್ಟ್ಯಾಂಡಿಗೆ.
ತಪ್ಪಿದರೆ ಪಾರ್. ಆಗ ಅವನೂ ಉಳಿದ, ನಾವೂ ಉಳಿದೆವು.
ತಪ್ಪಿದರೆ ಎಲ್ಲರಿಗೂ ಒಳ್ಳೆಯದು.
ಇಷ್ಟು ನೇರವಾದ ಲೆಕ್ಕ ನನ್ನ ಬದುಕಿನಲ್ಲಿ ಬಂದದ್ದೇ ಇಲ್ಲ.

ಅವನ ಕೈಯಲ್ಲಿದ್ದ ಪಟರ್ ನನ್ನದು.
ಅವನದನ್ನು ಸಾಂತಾ ಕ್ರೂಸ್‌ನ ಬಸ್ಸು ನುಂಗಿತ್ತು.
ಆ ಗ್ರೀನಿನ ಗುಟ್ಟೂ ನನ್ನದೇ:
ಇಳಿಜಾರು ಇಲ್ಲಿಮಾನಿ ಬೆಟ್ಟದಿಂದ ಎಂದು ಕಣ್ಣು ಹೇಳುತ್ತದೆ,
ನಂಬಬೇಡ, ಎಲ್ಲವೂ ಕೊನೆಗೆ ನದಿಯ ಕಡೆಗೇ ವಾಲುತ್ತದೆ.
ಮುದುಕ ಕ್ಯಾಡಿ ಫ್ರೋಯ್ಲಾನ್ ನನಗೆ ಹೇಳಿದ್ದ.
ನಾನು, ತಲೆದಿಂಬಿಗೆ ತಲೆ ಕೊಟ್ಟು, ದೀಪ ಆರಿಸಿದ ಮೇಲೆ,
ಇವನಿಗೆ.

ಹೋಗಿ ಹಗ್ಗದ ಬಳಿ ನಿಂತೆ.
ಬಾಯಲ್ಲಿ ಬೀಳು ಎಂದೆ, ಹೊಟ್ಟೆಯಲ್ಲಿ ನಿಲ್ಲು ಎಂದೆ.

ಅವನು ಕೂತು, ಎದ್ದು, ಮತ್ತೆ ಕೂತು
ತಲೆ ಎತ್ತಿದಾಗ ಸಿಕ್ಕಿದ್ದು ನನ್ನ ಮುಖ.
ಹುಬ್ಬು ಹಾರಿಸಿದ: ನೀನು ಒಳಗಾ?

ಹೆಬ್ಬೆರಳು ಎತ್ತಿದೆ.

ಯಾಕೆ ಎಂದರೆ ಗೊತ್ತಿಲ್ಲ. ದೊಡ್ಡತನವೆಂದು ಬರೆದುಕೊಳ್ಳಲಾರೆ.
ಆರುನೂರು ಡಾಲರ್, ಬಾಡಿಗೆ, ಹಲ್ಲುನೋವು ಎಲ್ಲ ನೆನಪಿತ್ತು.
ಬೆರಳು ತಲೆಗಿಂತ ಚುರುಕು, ಅಷ್ಟೆ.
ಅದಕ್ಕೆ ಈ ಕಸುಬಿನಲ್ಲಿ ಹಿಡಿತ ಸಡಿಲ ಇರಲಿ ಎನ್ನುತ್ತಾರೆ.

ಚೆಂಡು ಬೆಟ್ಟವನ್ನು ಲೆಕ್ಕಿಸಲಿಲ್ಲ.
ಅಂಗೈ ಅಗಲ ದೂರ ಇರುವಾಗ ನದಿಯ ನೆನಪಾಗಿ
ಎಡಕ್ಕೆ ಹೊರಳಿತು,
ಮತ್ತೆ ಆ ಸದ್ದು, ತಗಡಿನ ಲೋಟಕ್ಕೆ ಕಾಳು ಬಿದ್ದಂತೆ.

ಬೆಂಚಿನಿಂದ ಆರು ಮಂದಿ ಒಟ್ಟಿಗೆ ಎದ್ದರು.
ಯಾರೂ ಬೈಯಲಿಲ್ಲ. ಒಬ್ಬ ಚಪ್ಪಾಳೆ ಕೂಡ ತಟ್ಟಿದ.

ಲೀಮಾದ ಬಸ್ಸು ಇದ್ದದ್ದು ಭಾನುವಾರ ರಾತ್ರಿ.
ಶನಿವಾರ ಅವನ ಚೀಲ ನಾನೇ ಹೊತ್ತೆ,
ಕ್ಯಾಡಿಯ ಕೂಲಿ ಪುಸ್ತಕದಲ್ಲಿ ಬರೆದುಕೊಂಡೆ.
ಎರಡು ಕುಳಿ ಅವನು ಮಾತಾಡಲಿಲ್ಲ.
ಮೂರನೆಯದರಲ್ಲಿ, ಹುಲ್ಲು ಕಿತ್ತು ಗಾಳಿಗೆ ತೂರುತ್ತ ಕೇಳಿದ:
ಗೊತ್ತಿದ್ದೂ ಬೆರಳು ಎತ್ತಿದೆಯಾ?

ಎಂಟನೆಯ ಕಬ್ಬಿಣ, ಅಂದೆ.
ಗಾಳಿ ಇಲ್ಲ. ಹೊಡಿ.